ಗರ್ಭಕೊರಳಿನ ಪರೀಕ್ಷೆ: ಅಮ್ಮನನ್ನು ಕರೆದೊಯ್ಯುವವರು ಯಾರು?

ಆ ತಾಯಿ ಒಂಬತ್ತು ವರ್ಷಗಳಿಂದ ನನ್ನ ಚಿಕಿತ್ಸಾಲಯಕ್ಕೆ ಬರುತ್ತಿದ್ದರು. ತಿಂಗಳಿಗೊಮ್ಮೆ ರಕ್ತದೊತ್ತಡ ನೋಡಿಸಿಕೊಂಡು, ಮಾತ್ರೆಯ ಚೀಟಿ ಬರೆಸಿಕೊಂಡು ಹೋಗುವುದು ರೂಢಿ. ಉಪ್ಪು ಕಡಿಮೆ ಮಾಡಿದ್ದೀರಾ, ಉಪ್ಪಿನಕಾಯಿ ಬಿಟ್ಟಿದ್ದೀರಾ, ರಾತ್ರಿ ನಿದ್ದೆ ಬರುತ್ತದೆಯೇ ಎಂದು ಪ್ರತಿಸಲವೂ ಕೇಳುತ್ತಿದ್ದೆ. ಒಂದು ಸಂಜೆ ಚೀಟಿ ತೆಗೆದುಕೊಂಡು ಬಾಗಿಲವರೆಗೆ ಹೋದವರು ಪರದೆ ಹಿಡಿದು ನಿಂತರು. ‘ಡಾಕ್ಟ್ರೇ, ಇನ್ನೊಂದು ವಿಷಯ ಇತ್ತು. ನಿಮ್ಮ ಹತ್ತಿರ ಹೇಳುವುದೋ ಬೇಡವೋ ಗೊತ್ತಾಗುತ್ತಿಲ್ಲ’ ಎಂದರು. ಮುಟ್ಟು ನಿಂತು ನಾಲ್ಕು ವರ್ಷವಾಗಿದ್ದ ಅವರಿಗೆ ಮತ್ತೆ ರಕ್ತ ಕಾಣಿಸಿಕೊಂಡಿತ್ತು. ಎಷ್ಟು ದಿನದಿಂದ ಎಂದು ಕೇಳಿದೆ. ‘ದೀಪಾವಳಿಗೆ ಮುಂಚಿನಿಂದ’ ಎಂದರು. ಆಗ ಯುಗಾದಿ ಹತ್ತಿರ ಬಂದಿತ್ತು.

ಮರುದಿನವೇ ಸ್ತ್ರೀರೋಗ ತಜ್ಞರ ಬಳಿ ಕಳುಹಿಸಿದೆ. ಗರ್ಭಕೊರಳಿನ ಕ್ಯಾನ್ಸರ್ ಎಂದು ಗೊತ್ತಾಯಿತು. ಅಷ್ಟರಲ್ಲಿ ರೋಗ ಗರ್ಭಕೊರಳನ್ನು ದಾಟಿ ಅಕ್ಕಪಕ್ಕಕ್ಕೆ ಹರಡಿತ್ತು. ವಿಕಿರಣ ಚಿಕಿತ್ಸೆ ನಡೆಯಿತು. ಎರಡು ವರ್ಷ ಬದುಕಿದ್ದರು.

ಅವರ ಹಳೆಯ ಚೀಟಿಗಳು ನನ್ನಲ್ಲಿ ಇನ್ನೂ ಇವೆ. ನೂರಕ್ಕೂ ಹೆಚ್ಚು ಸಲ ಅವರು ನನ್ನೆದುರು ಕುಳಿತಿದ್ದರು. ಅಷ್ಟೂ ಸಲದಲ್ಲಿ ಒಮ್ಮೆಯೂ ನಾನು, ‘ಅಮ್ಮಾ, ಗರ್ಭಕೊರಳಿನ ಪರೀಕ್ಷೆ ಯಾವಾಗಲಾದರೂ ಮಾಡಿಸಿದ್ದೀರಾ?’ ಎಂದು ಕೇಳಿರಲಿಲ್ಲ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ, ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಈ ವಾರದ ಲೇಖನ ಆ ಮೌನದ ಬಗ್ಗೆ. ಮನೆಯ ಹೆಂಗಸರಷ್ಟೇ ಅಲ್ಲ, ಗಂಡಸರೂ ಇದನ್ನು ಓದಬೇಕೆಂದು ನನ್ನ ಕೋರಿಕೆ.

ಗರ್ಭಕೊರಳು ಎಂದರೆ ಯಾವುದು?

ಗರ್ಭಕೋಶವನ್ನು ತಲೆಕೆಳಗಾಗಿ ಹಿಡಿದ ಒಂದು ಸಣ್ಣ ಹೂಜಿ ಎಂದುಕೊಳ್ಳಿ. ಅದರ ಕೆಳಗಿನ ಕಿರಿದಾದ ಕತ್ತೇ ಗರ್ಭಕೊರಳು. ಉದ್ದ ಹೆಚ್ಚೆಂದರೆ ಮೂರು ಸೆಂಟಿಮೀಟರು. ಅದರ ತುದಿ ಯೋನಿಯೊಳಕ್ಕೆ ಚಾಚಿಕೊಂಡಿರುತ್ತದೆ. ಮುಟ್ಟಿನ ರಕ್ತ ಹೊರಬರುವುದು ಇದರ ಮೂಲಕವೇ. ಹೆರಿಗೆಯ ಸಮಯದಲ್ಲಿ ಅಗಲವಾಗಿ ಮಗುವಿಗೆ ದಾರಿ ಬಿಡುವುದೂ ಇದೇ.

ಇಲ್ಲಿ ಹುಟ್ಟುವ ಕ್ಯಾನ್ಸರಿಗೆ ಹೆಚ್ಚುಕಡಿಮೆ ಎಲ್ಲ ಸಂದರ್ಭಗಳಲ್ಲೂ ಕಾರಣ ಎಚ್‌ಪಿವಿ ಎಂಬ ವೈರಸ್. ಈ ಸಂಬಂಧವನ್ನು ಕಂಡುಹಿಡಿದ ಜರ್ಮನಿಯ ವಿಜ್ಞಾನಿ ಹರಾಲ್ಡ್ ತ್ಸೂರ್ ಹೌಸನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಈ ವೈರಸ್ಸಿನಲ್ಲಿ ಹಲವು ಬಗೆಗಳಿವೆ. ಅವುಗಳಲ್ಲಿ 16 ಮತ್ತು 18 ಎಂಬ ಎರಡು ಬಗೆಗಳೇ ಈ ಕ್ಯಾನ್ಸರಿನ ಸುಮಾರು ಶೇ. 70ರಷ್ಟು ಪ್ರಕರಣಗಳಿಗೆ ಕಾರಣ.

ವೈರಸ್ ಹರಡುವುದು ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ. ಹಾಗೆಂದು ಯಾರೂ ಯಾರ ನಡತೆಯನ್ನೂ ಶಂಕಿಸಬೇಕಾಗಿಲ್ಲ. ಸಂಸಾರಸ್ಥರಾದ ಗಂಡಸರು, ಹೆಂಗಸರಲ್ಲಿ ಬಹುತೇಕ ಮಂದಿಗೆ ಜೀವನದಲ್ಲಿ ಒಮ್ಮೆಯಾದರೂ ಈ ಸೋಂಕು ತಗಲುತ್ತದೆ. ಅದು ಗೊತ್ತೂ ಆಗುವುದಿಲ್ಲ. ನೆಗಡಿ ಬಂದು ಹೋದಂತೆ, ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ ಒಂದೆರಡು ವರ್ಷದೊಳಗೆ ತಾನಾಗಿಯೇ ಹೊರಟುಹೋಗುತ್ತದೆ. ಕೆಲವರಲ್ಲಿ ಮಾತ್ರ ಉಳಿದುಕೊಂಡು ಗರ್ಭಕೊರಳಿನ ಜೀವಕೋಶಗಳನ್ನು ನಿಧಾನವಾಗಿ ಕೆಡಿಸತೊಡಗುತ್ತದೆ. ತಂಬಾಕಿನ ಚಟ, ಚಿಕ್ಕ ವಯಸ್ಸಿನ ಮದುವೆ, ಹೆಚ್ಚು ಹೆರಿಗೆಗಳು ಅಪಾಯವನ್ನು ಹೆಚ್ಚಿಸುತ್ತವೆ. ಎಚ್‌ಐವಿ ಸೋಂಕಿನಂತಹ ಕಾರಣದಿಂದ ರೋಗನಿರೋಧಕ ಶಕ್ತಿ ಕುಂದಿದವರಿಗೂ ಅಪಾಯ ಹೆಚ್ಚು.

‘ನಿಧಾನವಾಗಿ’ ಎಂಬ ಮಾತನ್ನು ಗಮನಿಸಿ. ಸೋಂಕು ತಗಲಿದಂದಿನಿಂದ ಕ್ಯಾನ್ಸರ್ ಆಗುವವರೆಗೆ ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ನಡುವಿನ ಆ ವರ್ಷಗಳಲ್ಲಿ ಜೀವಕೋಶಗಳು ಕೆಡುತ್ತಿರುತ್ತವೆ, ಆದರೆ ಇನ್ನೂ ಕ್ಯಾನ್ಸರ್ ಆಗಿರುವುದಿಲ್ಲ. ನೋವಿಲ್ಲ, ರಕ್ತವಿಲ್ಲ, ಸುಸ್ತಿಲ್ಲ. ಈ ಹಂತದಲ್ಲಿ ಪತ್ತೆಯಾದರೆ ಕೆಟ್ಟ ಭಾಗವನ್ನಷ್ಟೇ ಸುಟ್ಟು ಅಥವಾ ತೆಗೆದು ಕ್ಯಾನ್ಸರ್ ಬಾರದಂತೆಯೇ ತಡೆಯಬಹುದು. ಇಷ್ಟು ದೀರ್ಘ ಕಾಲಾವಕಾಶ ಕೊಡುವ ಕ್ಯಾನ್ಸರ್‌ಗಳು ಕಡಿಮೆ.

ಹೀಗಿದ್ದೂ 2022ರ ಅಂದಾಜಿನಂತೆ ಭಾರತದಲ್ಲಿ ಆ ಒಂದು ವರ್ಷದಲ್ಲಿ ಸುಮಾರು 1 ಲಕ್ಷ 27 ಸಾವಿರ ಮಹಿಳೆಯರಲ್ಲಿ ಈ ಕ್ಯಾನ್ಸರ್ ಹೊಸದಾಗಿ ಕಾಣಿಸಿಕೊಂಡಿತು. ಸುಮಾರು 80 ಸಾವಿರ ಮಂದಿ ಸತ್ತರು. ನಮ್ಮ ದೇಶದ ಹೆಂಗಸರಲ್ಲಿ ಸ್ತನ ಕ್ಯಾನ್ಸರಿನ ನಂತರ ಹೆಚ್ಚಾಗಿ ಕಾಣುವುದು ಇದೇ.

ಪರೀಕ್ಷೆಯಲ್ಲಿ ಏನು ಮಾಡುತ್ತಾರೆ?

ಏನು ಮಾಡುತ್ತಾರೋ ಎಂಬ ಭಯದಿಂದಲೇ ಹಲವರು ಹಿಂದೆ ಸರಿಯುತ್ತಾರೆ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹೆರಿಗೆ ಪರೀಕ್ಷೆಗೆ ಮಲಗಿದಂತೆ ಮೇಜಿನ ಮೇಲೆ ಮಲಗಬೇಕು. ಮೇಲೆ ಬಟ್ಟೆ ಹೊದಿಸಿರುತ್ತಾರೆ. ಬಾತುಕೋಳಿಯ ಕೊಕ್ಕಿನಂತಹ ಒಂದು ಉಪಕರಣದಿಂದ ದಾರಿಯನ್ನು ಬಿಡಿಸಿ, ದೀಪದ ಬೆಳಕಿನಲ್ಲಿ ಗರ್ಭಕೊರಳನ್ನು ನೋಡುತ್ತಾರೆ. ಸೂಜಿ ಚುಚ್ಚುವುದಿಲ್ಲ, ಕೊಯ್ಯುವುದಿಲ್ಲ, ಅರಿವಳಿಕೆ ಬೇಕಿಲ್ಲ. ಸ್ವಲ್ಪ ಮುಜುಗರ, ಸ್ವಲ್ಪ ಒತ್ತಿದಂತಾಗುವುದು, ಅಷ್ಟೆ. ಐದಾರು ನಿಮಿಷದಲ್ಲಿ ಮುಗಿಯುತ್ತದೆ. ಅದೇ ದಿನ ಮನೆಗೆ ಬಂದು ಎಂದಿನ ಕೆಲಸ ಮಾಡಿಕೊಳ್ಳಬಹುದು.

ಪರೀಕ್ಷೆಯಲ್ಲಿ ಮೂರು ಬಗೆ. ಮೊದಲನೆಯದು ಪ್ಯಾಪ್ ಪರೀಕ್ಷೆ. ಗರ್ಭಕೊರಳಿನ ಮೇಲ್ಮೈಯನ್ನು ಮೆಲ್ಲಗೆ ಸವರಿ ತೆಗೆದ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಗ್ರೀಸ್ ಮೂಲದ ವೈದ್ಯ ಜಾರ್ಜ್ ಪಾಪನಿಕೊಲಾವು ಅಮೆರಿಕದಲ್ಲಿ ರೂಪಿಸಿದ ಈ ಪರೀಕ್ಷೆಗೆ ಅವರ ಹೆಸರಿನ ಮೊದಲ ಅಕ್ಷರಗಳೇ ಹೆಸರಾದವು. ಎರಡನೆಯದು ಎಚ್‌ಪಿವಿ ಪರೀಕ್ಷೆ. ಹೀಗೆಯೇ ತೆಗೆದ ಮಾದರಿಯಲ್ಲಿ ಅಪಾಯಕಾರಿ ವೈರಸ್ ಇದೆಯೇ ಎಂದು ನೋಡುತ್ತಾರೆ. ಮೂರನೆಯದು ಅಸಿಟಿಕ್ ಆಮ್ಲದ ಪರೀಕ್ಷೆ. ಅಡುಗೆಗೆ ಬಳಸುವ ವಿನಿಗರ್‌ನಲ್ಲಿರುವುದೂ ಇದೇ ಆಮ್ಲ. ಅದರ ತೆಳು ದ್ರಾವಣವನ್ನು ಗರ್ಭಕೊರಳಿಗೆ ಸವರಿ ಒಂದು ನಿಮಿಷ ಕಾದರೆ ಕೆಟ್ಟ ಜೀವಕೋಶಗಳಿರುವ ಜಾಗ ಬೆಳ್ಳಗಾಗುತ್ತದೆ. ಪ್ರಯೋಗಾಲಯ ಬೇಕಿಲ್ಲ, ಫಲಿತಾಂಶ ಅಲ್ಲಿಯೇ ಸಿಗುತ್ತದೆ. ಆದರೆ ಮುಟ್ಟು ನಿಂತವರಲ್ಲಿ ನೋಡಬೇಕಾದ ಜಾಗ ಒಳಕ್ಕೆ ಸರಿದಿರುವುದರಿಂದ ಈ ಮೂರನೆಯ ಪರೀಕ್ಷೆ ಅಷ್ಟು ನಂಬಿಕೆಯದಲ್ಲ. ಅವರಿಗೆ ಮೊದಲೆರಡೇ ಮೇಲು.

ಕೇಂದ್ರ ಸರ್ಕಾರ 2016ರಲ್ಲಿ ಹೊರಡಿಸಿದ ಮಾರ್ಗಸೂಚಿಯು 30ರಿಂದ 65 ವರ್ಷದ ಎಲ್ಲ ಮಹಿಳೆಯರಿಗೂ ಐದು ವರ್ಷಕ್ಕೊಮ್ಮೆ ಅಸಿಟಿಕ್ ಆಮ್ಲದ ಪರೀಕ್ಷೆ ಮಾಡಬೇಕೆನ್ನುತ್ತದೆ. ಎಚ್‌ಪಿವಿ ಪರೀಕ್ಷೆಯಾದರೆ 30 ವರ್ಷದಿಂದ ಆರಂಭಿಸಿ ಐದರಿಂದ ಹತ್ತು ವರ್ಷಕ್ಕೊಮ್ಮೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತಿಳಿಸಿದೆ.

ನೂರಕ್ಕೆ ಎಷ್ಟು ಮಂದಿ?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವರ್ಷದ ಮಹಿಳೆಯರನ್ನು ಈ ಬಗ್ಗೆ ಕೇಳಿದ್ದರು. ಜೀವನದಲ್ಲಿ ಒಮ್ಮೆಯಾದರೂ ಗರ್ಭಕೊರಳಿನ ಪರೀಕ್ಷೆ ಮಾಡಿಸಿದವರು ದೇಶದಲ್ಲಿ ನೂರಕ್ಕೆ ಇಬ್ಬರೂ ಇರಲಿಲ್ಲ. ಕರ್ನಾಟಕದಲ್ಲಿ ನೂರಕ್ಕೆ ಒಬ್ಬರೂ ಇರಲಿಲ್ಲ. ಪಕ್ಕದ ತಮಿಳುನಾಡಿನಲ್ಲಿ ಸುಮಾರು ಹತ್ತು ಮಂದಿ ಇದ್ದರು.

ನಮ್ಮ ಹೆಂಗಸರು ಆಸ್ಪತ್ರೆಯನ್ನೇ ಕಾಣದವರೇನಲ್ಲ. ಹೆರಿಗೆಗೆ ಆಸ್ಪತ್ರೆಗೆ ಹೋಗುತ್ತಾರೆ. ಮಕ್ಕಳಿಗೆ ಚುಚ್ಚುಮದ್ದು ಹಾಕಿಸುವ ದಿನವನ್ನು ಮರೆಯುವುದಿಲ್ಲ. ಅತ್ತೆಯ ಕಣ್ಣಿನ ಪೊರೆಗೆ, ಗಂಡನ ಸಕ್ಕರೆ ಕಾಯಿಲೆಗೆ ಅವರೇ ಮುಂದೆ ನಿಂತು ಓಡಾಡುತ್ತಾರೆ. ತಮ್ಮದೇ ಪರೀಕ್ಷೆಗೆ ಮಾತ್ರ ಯಾಕೆ ಬರುವುದಿಲ್ಲ? ನನ್ನ ಕೊಠಡಿಯಲ್ಲಿ ಕೇಳಿದ ಉತ್ತರಗಳನ್ನೇ ಇಲ್ಲಿ ಒಂದೊಂದಾಗಿ ನೋಡೋಣ.

‘ನನಗೇನೂ ಆಗಿಲ್ಲವಲ್ಲ!’

ಇದು ಮೊದಲ ಉತ್ತರ. ನೋವಾದರೆ ವೈದ್ಯರ ಬಳಿ ಹೋಗುವುದು ನಮ್ಮ ಪದ್ಧತಿ. ಏನೂ ಆಗದಿರುವಾಗ ಹೋಗುವುದು ದುಡ್ಡು ದಂಡ ಎನಿಸುತ್ತದೆ. ಆದರೆ ಈ ಪರೀಕ್ಷೆ ಇರುವುದೇ ಏನೂ ಆಗದವರಿಗೆ. ರಕ್ತ ಕಂಡ ಮೇಲೆ ಮಾಡುವುದು ರೋಗದ ತಪಾಸಣೆ; ಅಷ್ಟು ಹೊತ್ತಿಗೆ ಕೈಯಲ್ಲಿದ್ದ ಹದಿನೈದು ವರ್ಷ ಕಳೆದುಹೋಗಿರಬಹುದು.

‘ಮಕ್ಕಳಾಗದ ಹಾಗೆ ಆಪರೇಷನ್ ಆಗಿದೆ’, ‘ಮುಟ್ಟು ನಿಂತಿದೆ, ಇನ್ನೇನು?’

ಸಂತಾನಹರಣ ಶಸ್ತ್ರಚಿಕಿತ್ಸೆಯಲ್ಲಿ ಅಂಡನಾಳಗಳನ್ನು ಮಾತ್ರ ಕಟ್ಟುತ್ತಾರೆ. ಗರ್ಭಕೊರಳು ಇದ್ದ ಹಾಗೆಯೇ ಇರುತ್ತದೆ. ಮುಟ್ಟು ನಿಂತರೂ ಅಷ್ಟೇ. ಈ ಕ್ಯಾನ್ಸರ್ ನಡುವಯಸ್ಸಿನ ನಂತರವೇ ಹೆಚ್ಚಾಗಿ ಕಾಣುವುದರಿಂದ ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಪರೀಕ್ಷೆಯ ಅಗತ್ಯ ಕಡಿಮೆಯಾಗುವುದಿಲ್ಲ. ಕ್ಯಾನ್ಸರೇತರ ಕಾರಣಕ್ಕೆ ಗರ್ಭಕೋಶವನ್ನು ಕೊರಳಿನ ಸಮೇತ ತೆಗೆಸಿದವರಿಗೆ ಮಾತ್ರ ಸಾಮಾನ್ಯವಾಗಿ ಈ ಪರೀಕ್ಷೆ ಬೇಕಿಲ್ಲ. ಕೆಲವು ಶಸ್ತ್ರಚಿಕಿತ್ಸೆಗಳಲ್ಲಿ ಕೊರಳನ್ನು ಉಳಿಸಿರುತ್ತಾರೆ. ನಿಮ್ಮ ಆಸ್ಪತ್ರೆಯ ಚೀಟಿ ತಂದು ತೋರಿಸಿ ಕೇಳಿಕೊಳ್ಳಿ.

‘ಛೇ, ನಾಚಿಕೆ’

ಇದು ನಗುವ ವಿಷಯವಲ್ಲ. ಹೆತ್ತ ತಾಯಿಯ ಹತ್ತಿರವೂ ಆಡದ ಮಾತನ್ನು ಅಪರಿಚಿತರ ಮುಂದೆ ಆಡಬೇಕು. ವೈದ್ಯರು ಗಂಡಸಾದರೆ ಮುಗಿದೇ ಹೋಯಿತು. ಮಹಿಳಾ ವೈದ್ಯರೋ ದಾದಿಯೋ ಪರೀಕ್ಷೆ ಮಾಡಲಿ ಎಂದು ಕೇಳುವ ಹಕ್ಕು ನಿಮಗಿದೆ. ಬೇರೆಯವರು ಒಳಗೆ ಬಾರದಂತೆ ಬಾಗಿಲು ಮುಚ್ಚಿರಬೇಕು, ಏನು ಮಾಡುತ್ತಿದ್ದೇವೆಂದು ಮೊದಲೇ ಹೇಳಬೇಕು. ಒಮ್ಮೆ ಒರಟಾಗಿ ನಡೆಸಿಕೊಂಡರೆ ಆ ಹೆಂಗಸು ಮತ್ತೆ ಬರುವುದಿಲ್ಲ. ಅವರ ಓಣಿಯ ಇನ್ನು ಹತ್ತು ಮಂದಿಯನ್ನೂ ಬರಗೊಡುವುದಿಲ್ಲ. ಇದು ನಮ್ಮ ವೈದ್ಯವೃತ್ತಿಯವರು ನೆನಪಿಡಬೇಕಾದ ಮಾತು.

ಎಚ್‌ಪಿವಿ ಪರೀಕ್ಷೆಗೆ ಬೇಕಾದ ಮಾದರಿಯನ್ನು ಮಹಿಳೆ ತಾನೇ ಹತ್ತಿಯ ಕಡ್ಡಿಯಂತಹ ಸಾಧನದಿಂದ ತೆಗೆದುಕೊಡುವ ವಿಧಾನವೂ ಈಗ ಇದೆ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಒಪ್ಪಿದೆ. ಎಲ್ಲ ಊರುಗಳಲ್ಲೂ ಇದು ಸಿಗುವುದಿಲ್ಲ. ಸಿಗುವ ಕಡೆ ನಾಚಿಕೆಯ ಅಡ್ಡಿ ಬಹುಮಟ್ಟಿಗೆ ನಿವಾರಣೆಯಾಗುತ್ತದೆ.

‘ಏನಾದರೂ ಇದೆ ಎಂದುಬಿಟ್ಟರೆ?’

ಭಯ ಎರಡು ಬಗೆಯದು. ಕ್ಯಾನ್ಸರ್ ಎಂದರೆ ಸಾವೇ ಎಂಬುದು ಒಂದು. ‘ಗರ್ಭಕೋಶ ತೆಗೆಸಿ’ ಎಂದುಬಿಡುತ್ತಾರೆ ಎಂಬುದು ಇನ್ನೊಂದು. ಎರಡನೆಯ ಭಯಕ್ಕೆ ಕಾರಣವಿಲ್ಲದೆ ಇಲ್ಲ. ಬಿಳಿಸೆರಗಿಗೆಂದು ಹೋದವರಿಗೆ ‘ಹುಣ್ಣಾಗಿದೆ, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ’ ಎಂದು ಹೆದರಿಸಿ ಗರ್ಭಕೋಶ ತೆಗೆದ ಉದಾಹರಣೆಗಳು ನಮ್ಮಲ್ಲಿವೆ. ಆದ್ದರಿಂದ ಇದನ್ನು ನೆನಪಿಡಿ: ಪರೀಕ್ಷೆಯಲ್ಲಿ ದೋಷ ಕಂಡರೆ ಅದು ಕ್ಯಾನ್ಸರ್ ಎಂದು ಅರ್ಥವಲ್ಲ. ಹೆಚ್ಚಿನವರಲ್ಲಿ ಅದು ಇನ್ನೊಂದು ತಪಾಸಣೆ ಬೇಕು ಎಂಬ ಸೂಚನೆ ಮಾತ್ರ. ದುರ್ಬೀನಿನಂತಹ ಉಪಕರಣದಿಂದ ಗರ್ಭಕೊರಳನ್ನು ದೊಡ್ಡದಾಗಿ ನೋಡಿ, ಬೇಕಾದರೆ ಚೂರು ತೆಗೆದು ಪರೀಕ್ಷಿಸುತ್ತಾರೆ. ಕೆಟ್ಟ ಜೀವಕೋಶಗಳಿದ್ದರೆ ಆ ಜಾಗವನ್ನು ಶಾಖದಿಂದಲೋ ಅತಿಶೀತದಿಂದಲೋ ನಾಶಪಡಿಸುತ್ತಾರೆ, ಅಥವಾ ತೆಳುವಾದ ತಂತಿಯ ಕುಣಿಕೆಯಿಂದ ತೆಗೆಯುತ್ತಾರೆ. ಬಹುತೇಕ ಮಂದಿ ಅಂದೇ ಮನೆಗೆ ಹೋಗಬಹುದು. ಸಾಮಾನ್ಯವಾಗಿ ಗರ್ಭಕೋಶವನ್ನು ಮುಟ್ಟುವ ಅಗತ್ಯವೇ ಇಲ್ಲ. ಯಾರಾದರೂ ಒಂದೇ ಭೇಟಿಯಲ್ಲಿ ಗರ್ಭಕೋಶ ತೆಗೆಸಿ ಎಂದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯಿರಿ.

ಒಂದು ವೇಳೆ ಕ್ಯಾನ್ಸರ್ ಆಗಿದ್ದರೂ ಅದು ಗರ್ಭಕೊರಳಿನಲ್ಲಷ್ಟೇ ಇರುವಾಗ ಸಿಕ್ಕರೆ ಹೆಚ್ಚಿನವರು ಗುಣವಾಗುತ್ತಾರೆ.

‘ಒಂದು ದಿನದ ಕೂಲಿ ಹೋಗುತ್ತದೆ’

ಪರೀಕ್ಷೆ ಉಚಿತವಾಗಿದ್ದರೂ ಬಸ್ಸಿನ ಖರ್ಚು ಇದೆ. ಜೊತೆಗೆ ಬರುವವರ ಖರ್ಚೂ ಇದೆ. ಅಂದಿನ ಕೂಲಿ ಇಲ್ಲ. ಬೆಳಿಗ್ಗೆ ಹಾಲು ಕರೆದು, ಅಡುಗೆ ಮಾಡಿಟ್ಟು, ಮಕ್ಕಳನ್ನು ಶಾಲೆಗೆ ಕಳುಹಿಸಿ ಹೊರಡುವ ಹೊತ್ತಿಗೆ ಆಸ್ಪತ್ರೆಯ ಹೊರರೋಗಿ ವಿಭಾಗ ಮುಚ್ಚುವ ವೇಳೆಯಾಗಿರುತ್ತದೆ. ಮನೆಯಲ್ಲಿ ದುಡ್ಡು ಯಾರ ಕೈಯಲ್ಲಿದೆ, ಅಪ್ಪಣೆ ಯಾರದು ಎಂಬ ಪ್ರಶ್ನೆಗಳೂ ಇವೆ. ‘ಇವರನ್ನು ಕೇಳಿ ಹೇಳುತ್ತೇನೆ’ ಎಂದು ಹೋದವರಲ್ಲಿ ಮರಳಿ ಬಂದವರು ನನ್ನ ಅನುಭವದಲ್ಲಿ ಕಡಿಮೆ. ಅವರು ಕೇಳಿರಲೇ ಇಲ್ಲವೆಂದು ಎಷ್ಟೋ ಸಲ ಆಮೇಲೆ ಗೊತ್ತಾಗಿದೆ. ಕೇಳಲೂ ನಾಚಿಕೆ!

‘ಯಾರೂ ಹೇಳಲಿಲ್ಲ’

ನನ್ನನ್ನು ಕಾಡುವ ಉತ್ತರ ಇದು. ಮೇಲಿನ ಕಾರಣಗಳನ್ನೆಲ್ಲ ಕೇಳಿದರೆ ತಪ್ಪೆಲ್ಲ ಹೆಂಗಸರ ತಿಳಿವಳಿಕೆಯದು ಎನಿಸಬಹುದು. ಹಾಗಲ್ಲ ಎನ್ನುವುದಕ್ಕೆ ನಮ್ಮ ನೆರೆಯಲ್ಲಿಯೇ ಸಾಕ್ಷಿಯಿದೆ.

ಕರೆದಾಗ ಬಂದರು

ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆ, ಈಗಿನ ಹೆಸರು ಧಾರಾಶಿವ, ನಮ್ಮ ಬೀದರ್ ಮತ್ತು ಕಲಬುರಗಿ ಜಿಲ್ಲೆಗಳಿಗೆ ಅಂಟಿಕೊಂಡಿದೆ. ಅದೇ ಮಳೆ, ಅದೇ ಜೋಳದ ರೊಟ್ಟಿ, ಅದೇ ಬಗೆಯ ಸಂಸಾರಗಳು. ಅಲ್ಲಿನ ಹಳ್ಳಿಗಳಲ್ಲಿ 1999ರಿಂದ ಮುಂಬೈನ ಟಾಟಾ ಸ್ಮಾರಕ ಕೇಂದ್ರ, ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಮತ್ತು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸೇರಿ ದೊಡ್ಡ ಅಧ್ಯಯನವೊಂದನ್ನು ನಡೆಸಿದವು. 30ರಿಂದ 59 ವರ್ಷದ ಸುಮಾರು 1 ಲಕ್ಷ 30 ಸಾವಿರ ಮಹಿಳೆಯರು ಅದರಲ್ಲಿದ್ದರು. ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ಹೋಗಿ, ಕುಳಿತು ಮಾತನಾಡಿ, ಪರೀಕ್ಷೆ ಎಂದರೇನು ಎಂದು ತಿಳಿಸಿ ಕರೆದರು. ಪರೀಕ್ಷೆಯ ಏರ್ಪಾಟು ಊರಿನ ಹತ್ತಿರದಲ್ಲಿಯೇ ಇತ್ತು.

ಪರೀಕ್ಷೆಗೆ ಕರೆದ ಸುಮಾರು ಒಂದು ಲಕ್ಷ ಮಹಿಳೆಯರಲ್ಲಿ ಬಂದವರು ನೂರಕ್ಕೆ 79. ಹೆಚ್ಚಿನವರು ಹಳ್ಳಿಯ ಬಡ ಹೆಂಗಸರು. ಅದಕ್ಕೆ ಮೊದಲು ಈ ಪರೀಕ್ಷೆಯ ಹೆಸರನ್ನೇ ಕೇಳದವರು.

2009ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಎಚ್‌ಪಿವಿ ಪರೀಕ್ಷೆ ಮಾಡಿಸಿದ ಗುಂಪಿನಲ್ಲಿ ಗರ್ಭಕೊರಳಿನ ಕ್ಯಾನ್ಸರಿನ ಸಾವುಗಳು ಎಂಟು ವರ್ಷಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದ್ದವು. ಅದೂ ಜೀವನದಲ್ಲಿ ಒಂದೇ ಒಂದು ಸಲ ಮಾಡಿದ ಪರೀಕ್ಷೆಯಿಂದ.

ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ ನಡೆದ ಇಂತಹದೇ ಅಧ್ಯಯನದಲ್ಲಿ ಕರೆದ 49 ಸಾವಿರ ಮಹಿಳೆಯರಲ್ಲಿ 31 ಸಾವಿರ ಮಂದಿ ಬಂದರು. ಅಲ್ಲಿ ಬಳಸಿದ್ದು ಅಸಿಟಿಕ್ ಆಮ್ಲದ ಪರೀಕ್ಷೆ, ಸಾವು ಶೇ. 35ರಷ್ಟು ಇಳಿಯಿತು. ಮುಂಬೈನ ಕೊಳೆಗೇರಿಗಳಲ್ಲಿ ಇದೇ ಪರೀಕ್ಷೆಯನ್ನು ವೈದ್ಯರಲ್ಲ, ಕೆಲವು ವಾರಗಳ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರೇ ಮಾಡಿದರು. ಅಲ್ಲಿ ಬಂದವರು ನೂರಕ್ಕೆ 89. ಸಾವಿನ ಇಳಿಕೆ ಶೇ. 31.

ಒಂದು ಕಡೆ ನೂರಕ್ಕೆ ಇಬ್ಬರೂ ಇಲ್ಲ, ಇನ್ನೊಂದು ಕಡೆ ನೂರಕ್ಕೆ 60, 80, 89. ನಾಚಿಕೆ ಎರಡೂ ಕಡೆ ಇತ್ತು. ಬಡತನ ಎರಡೂ ಕಡೆ ಇತ್ತು. ವ್ಯತ್ಯಾಸ ಇಷ್ಟೆ: ಪರಿಚಯದ ಹೆಂಗಸೊಬ್ಬಳು ಮನೆಗೆ ಬಂದು ಹೆಸರು ಹಿಡಿದು ಕರೆದಳು, ಪರೀಕ್ಷೆ ಹತ್ತಿರದಲ್ಲಿಯೇ ಸಿಕ್ಕಿತು.

ಹಾಗಾದರೆ ಕರೆದರೂ ಬಾರದವರು ಯಾರು? ಉಸ್ಮಾನಾಬಾದಿನ ಸಂಶೋಧಕರು ಅದನ್ನೂ ನೋಡಿದರು. ಬಂದವರಲ್ಲಿ 30ರಿಂದ 39ರ ವಯಸ್ಸಿನವರು, ಹೆಚ್ಚು ಓದಿದವರು, ಗಂಡ ಇರುವವರು, ಕುಟುಂಬ ಯೋಜನೆಯ ವಿಧಾನ ಬಳಸಿದವರು ಹೆಚ್ಚು. ಹಿಂದೆ ಉಳಿದವರಲ್ಲಿ ವಯಸ್ಸಾದವರು, ಓದು ಬಾರದವರು, ಒಂಟಿಯಾದವರು ಹೆಚ್ಚು. ಹೆರಿಗೆ, ಮಕ್ಕಳ ಚುಚ್ಚುಮದ್ದು ಎಂದು ಆಸ್ಪತ್ರೆಯ ಬಳಕೆ ಇರುವ ಕಿರಿಯರಿಗೆ ಬರುವುದು ಸುಲಭ. ಐವತ್ತು ದಾಟಿದ ತಾಯಿ, ಗಂಡನನ್ನು ಕಳೆದುಕೊಂಡ ಅತ್ತಿಗೆ, ಅಣ್ಣನ ಮನೆಯಲ್ಲಿ ಉಳಿದ ಅಕ್ಕ ಇವರಿಗೆ ಆ ಬಳಕೆ ತಪ್ಪಿಹೋಗಿರುತ್ತದೆ. ‘ಈ ವಯಸ್ಸಿನಲ್ಲಿ ನನಗ್ಯಾಕೆ’ ಎನ್ನುತ್ತಾರೆ. ಎರಡನೆಯ ಸಲ ಕರೆಯಬೇಕಾದದ್ದು ಇವರನ್ನೇ.

ನೀವು ಮಾಡಬಹುದಾದದ್ದು

ಪತ್ರಿಕೆ ಓದುವ ಮನೆಯಲ್ಲಿ ಕರೆಯುವವರು ನೀವೇ ಆಗಬಹುದು. ಆಶಾ ಕಾರ್ಯಕರ್ತೆ ಬರುವವರೆಗೆ ಕಾಯಬೇಕಾಗಿಲ್ಲ.

ಗಂಡಸರಿಗೆ ಮೊದಲ ಮಾತು. ನಿಮ್ಮ ಹೆಂಡತಿಗೆ 30 ದಾಟಿದ್ದರೆ, ಅಪ್ಪಣೆ ಕೇಳಲೆಂದು ಕಾಯಬೇಡಿ. ‘ಇಂಥ ಪರೀಕ್ಷೆ ಇದೆಯಂತೆ, ಹೋಗಿ ಬರೋಣ’ ಎಂದು ನೀವೇ ಹೇಳಿ. ಅಂದು ಮನೆಗೆಲಸ ನೋಡಿಕೊಳ್ಳಿ. ವೈರಸ್ ಕಂಡುಬಂದರೆ ಅದು ಯಾವಾಗ, ಯಾರಿಂದ ಬಂತು ಎಂದು ಹುಡುಕಲು ಹೋಗಬೇಡಿ. ಹಲವು ವರ್ಷಗಳ ಹಿಂದಿನ ಸೋಂಕು ಈಗ ಕಾಣಬಹುದು. ಜಗಳಕ್ಕೆ ಅದರಲ್ಲಿ ಕಾರಣವಿಲ್ಲ.

ಹೆಣ್ಣುಮಕ್ಕಳು, ಸೊಸೆಯಂದಿರು ಅಮ್ಮನನ್ನೂ ಅತ್ತೆಯನ್ನೂ ಜೊತೆಗೆ ಕರೆದುಕೊಂಡು ಹೋಗಿ. ಒಬ್ಬರೇ ಹೋಗಲು ಹಿಂಜರಿಯುವವರು ಇಬ್ಬರಾದರೆ ಹೊರಡುತ್ತಾರೆ. ಅಕ್ಕಪಕ್ಕದವರು, ಸ್ತ್ರೀಶಕ್ತಿ ಸಂಘದವರು ನಾಲ್ಕಾರು ಮಂದಿ ಸೇರಿ ಹೋದರೆ ಇನ್ನೂ ಒಳ್ಳೆಯದು.

ಎಲ್ಲಿಗೆ ಹೋಗಬೇಕು? ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ದಾದಿಯನ್ನು ಅಥವಾ ಆಶಾ ಕಾರ್ಯಕರ್ತೆಯನ್ನು ಕೇಳಿ, ಯಾವ ದಿನ ಎಲ್ಲಿ ಪರೀಕ್ಷೆ ಮಾಡುತ್ತಾರೆಂದು ತಿಳಿದುಕೊಂಡು ಹೊರಡಿ. ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ, ವೈದ್ಯಕೀಯ ಕಾಲೇಜುಗಳ ಸ್ತ್ರೀರೋಗ ವಿಭಾಗಗಳಲ್ಲಿ ವಿಚಾರಿಸಬಹುದು. ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಇದೆ. ಮುಟ್ಟಿನ ದಿನಗಳನ್ನು ಬಿಟ್ಟು ಹೋಗಿ. ಹಿಂದಿನ ಎರಡು ದಿನ ಗಂಡಹೆಂಡಿರ ಸಂಪರ್ಕ ಬೇಡ, ಒಳಗೆ ಇಡುವ ಔಷಧಿಯನ್ನೂ ಬಳಸಬೇಡಿ.

ವರದಿಯನ್ನು ಮರೆಯದೆ ಪಡೆಯಿರಿ. ಎಷ್ಟೋ ಮಂದಿ ಪರೀಕ್ಷೆ ಮಾಡಿಸಿ ವರದಿಗೆ ಹೋಗುವುದೇ ಇಲ್ಲ. ಹೋದವರು ಮುಂದಿನ ತಪಾಸಣೆಗೆ ಹೋಗುವುದಿಲ್ಲ. ಆಗ ಪರೀಕ್ಷೆ ಮಾಡಿಸಿಯೂ ಮಾಡಿಸದಂತೆಯೇ. ವರದಿಯನ್ನು ಪಡಿತರ ಚೀಟಿ, ಆಧಾರ್ ಕಾರ್ಡ್ ಇಡುವ ಜಾಗದಲ್ಲಿ ಇಟ್ಟು, ಮುಂದಿನ ಪರೀಕ್ಷೆ ಯಾವ ವರ್ಷ ಎಂದು ಅದರ ಮೇಲೆ ಬರೆದಿಡಿ.

ಮನೆಯಲ್ಲಿ 9ರಿಂದ 14 ವರ್ಷದ ಹುಡುಗಿಯರಿದ್ದರೆ ಎಚ್‌ಪಿವಿ ಲಸಿಕೆಯ ಬಗ್ಗೆ ವೈದ್ಯರಲ್ಲಿ ಕೇಳಿ. ವೈರಸ್ ತಗಲುವ ಮೊದಲೇ ಹಾಕಿಸಿದರೆ ಅದರ ಪ್ರಯೋಜನ ಹೆಚ್ಚು. ಭಾರತದಲ್ಲಿಯೇ ತಯಾರಾದ ಲಸಿಕೆಯೂ ಈಗ ಇದೆ. ಲಸಿಕೆ ಹಾಕಿಸಿಕೊಂಡವರೂ ದೊಡ್ಡವರಾದ ಮೇಲೆ ಪರೀಕ್ಷೆ ಮಾಡಿಸಬೇಕು, ಏಕೆಂದರೆ ಲಸಿಕೆಯು ವೈರಸ್ಸಿನ ಎಲ್ಲ ಬಗೆಗಳನ್ನೂ ತಡೆಯುವುದಿಲ್ಲ. ಮಗಳಿಗೆ ಲಸಿಕೆ ಹಾಕಿಸಲು ಹೋದ ದಿನವೇ ತಾಯಿ ತನ್ನ ಪರೀಕ್ಷೆಯನ್ನು ವಿಚಾರಿಸಿದರೆ ಒಂದೇ ಓಡಾಟದಲ್ಲಿ ಎರಡು ಕೆಲಸ.

ಇವಕ್ಕೆ ಕಾಯಬೇಡಿ

ಮುಟ್ಟು ನಿಂತ ಮೇಲೆ ಒಂದೇ ಒಂದು ಹನಿ ರಕ್ತ ಕಂಡರೂ, ಎರಡು ಮುಟ್ಟಿನ ನಡುವೆ ರಕ್ತ ಹೋದರೂ, ಗಂಡಹೆಂಡಿರ ಸಂಪರ್ಕದ ನಂತರ ರಕ್ತ ಕಂಡರೂ, ಬಿಳಿಸೆರಗು ದುರ್ವಾಸನೆಯಿಂದ ಕೂಡಿದ್ದರೂ ರಕ್ತ ಬೆರೆತಿದ್ದರೂ ಆ ವಾರವೇ ವೈದ್ಯರನ್ನು ಕಾಣಿ. ಹಬ್ಬ ಮುಗಿಯಲಿ, ಸುಗ್ಗಿ ಮುಗಿಯಲಿ, ಮಗಳ ಮದುವೆ ಮುಗಿಯಲಿ ಎನ್ನಬೇಡಿ. ಇವೆಲ್ಲವೂ ಕ್ಯಾನ್ಸರೇ ಆಗಿರಬೇಕೆಂದಿಲ್ಲ. ಆದರೆ ಅಲ್ಲ ಎಂದು ಖಚಿತ ಮಾಡಿಕೊಳ್ಳಲೇಬೇಕು. ಹಿಂದೆ ಪರೀಕ್ಷೆ ಸರಿಯಾಗಿ ಬಂದಿತ್ತು ಎಂಬ ಕಾರಣಕ್ಕೂ ಇಂತಹ ಲಕ್ಷಣಗಳನ್ನು ಕಡೆಗಣಿಸಬಾರದು.

ಈಗ ನನ್ನ ಮೇಜಿನ ಮೇಲಿನ ಚೀಟಿಯಲ್ಲಿ, ರಕ್ತದೊತ್ತಡ ಬರೆಯುವ ಸಾಲಿನ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದೇನೆ. 30 ದಾಟಿದ ಯಾವ ಹೆಂಗಸು ಬಂದರೂ, ಕೆಮ್ಮಿಗೆ ಬಂದಿರಲಿ, ಮಂಡಿನೋವಿಗೆ ಬಂದಿರಲಿ, ಆ ಪ್ರಶ್ನೆಯನ್ನು ಕೇಳುತ್ತೇನೆ. ಮೊದಮೊದಲು ಕೇಳಲು ನನಗೇ ಸಂಕೋಚವಾಗುತ್ತಿತ್ತು. ಅವರಲ್ಲಿ ಹೆಚ್ಚಿನವರು ತಲೆ ತಗ್ಗಿಸಿ ‘ಇಲ್ಲ’ ಎನ್ನುತ್ತಾರೆ. ನಂತರ ಸ್ವಲ್ಪ ಹೊತ್ತು ಬಿಟ್ಟು, ‘ಎಲ್ಲಿ ಮಾಡುತ್ತಾರೆ ಡಾಕ್ಟ್ರೇ?’ ಎಂದು ಕೇಳುತ್ತಾರೆ.

ಆ ತಾಯಿಯೂ ಹಾಗೆ ಕೇಳುತ್ತಿದ್ದರೇನೋ. ನಿಮ್ಮ ಮನೆಯಲ್ಲಿ 30 ದಾಟಿದ ಹೆಂಗಸರು ಎಷ್ಟು ಮಂದಿ ಇದ್ದಾರೆ, ಅವರಲ್ಲಿ ಯಾರನ್ನು ಇನ್ನೂ ಯಾರೂ ಕೇಳಿಲ್ಲ ಎಂದು ಒಮ್ಮೆ ಎಣಿಸಿ ನೋಡಿ. ಇಂದೇ ಕೇಳಿ.